ಮುರಿದ ಮಣಿಕಟ್ಟು, ಬೇಲಿಯ ಮಂಗರವಳ್ಳಿ

ಆಷಾಢದ ಗಾಳಿಯಲ್ಲಿ ತಮಿಳುನಾಡಿನ ಮಾರ್ಕಯನ್‌ಕೋಟ್ಟೈನ ಗದ್ದೆಬದುವಿನ ಮೇಲೆ ನಿಂತರೆ ಪಕ್ಕದವರ ಮಾತೂ ಕಿವಿಗೆ ಬೀಳುವುದಿಲ್ಲ. ಪಶ್ಚಿಮಘಟ್ಟದ ಸಂದಿನಿಂದ ಕಂಬಂ ಕಣಿವೆಗೆ ನುಗ್ಗುವ ಗಾಳಿ ತೆಂಗಿನ ಗರಿಗಳನ್ನೆಲ್ಲ ಒಂದೇ ಕಡೆಗೆ ಬಾಗಿಸಿ ಹಿಡಿದಿರುತ್ತದೆ. ಬಾಳೆಯೆಲೆಗಳು ಸೀಳಿಕೊಂಡು ಪಟಪಟ ಬಡಿಯುತ್ತಿರುತ್ತವೆ. ಕೆಳಗೆ ಆಗಷ್ಟೇ ನಾಟಿ ಮುಗಿದ ಗದ್ದೆ. ಅದರೊಳಗೆ ನಿಂತ ನೀರು ಪೆರಿಯಾರ್ ಹೊಳೆಯದು. ಪಡುವಣ ಸಮುದ್ರಕ್ಕೆ ಹೋಗಬೇಕಿದ್ದ ಆ ಹೊಳೆಯನ್ನು 1895ರಲ್ಲಿ ಅಣೆಕಟ್ಟು ಕಟ್ಟಿ, ಬೆಟ್ಟದೊಳಗೆ ಸುರಂಗ ಕೊರೆದು ಮೂಡಣಕ್ಕೆ ತಿರುಗಿಸಿದರು. ಅಂದಿನಿಂದ ಈ ಕಣಿವೆಯ 14,707 ಎಕರೆಗೆ ಎರಡು ಬೆಳೆಯ ಭಾಗ್ಯ. ಅಣೆಕಟ್ಟು ಕಟ್ಟಿದ ಎಂಜಿನಿಯರ್ ಪೆನ್ನಿಕ್ವಿಕ್ ಅವರ ಚಿತ್ರ ಇಲ್ಲಿನ ಎಷ್ಟೋ ಅಂಗಡಿಗಳಲ್ಲಿ ದೇವರ ಪಟಗಳ ಪಕ್ಕದಲ್ಲೇ ತೂಗುತ್ತದೆ. ಅದರಲ್ಲಿ ಅತಿಶಯವೇನೂ ಇಲ್ಲ.

ಬದುವಿನ ಮೇಲೆ ವಯಸ್ಸಾದ ರೈತರೊಬ್ಬರು ಗುದ್ದಲಿ ಹಿಡಿದು ನಡೆಯುತ್ತಿದ್ದರು. ಮೇಲಿನ ಗದ್ದೆಯಿಂದ ನೀರು ಬರುತ್ತಲೇ ಇತ್ತು. ಕೆಳಗಿನ ಬದುವಿನಲ್ಲಿ ಒಂದು ಕಂಡಿಯಿತ್ತು. ಬಂದ ನೀರೆಲ್ಲ ಅದರಲ್ಲಿ ಹಾದು ಮುಂದಿನ ಗದ್ದೆಗೆ ಹೋಗುತ್ತಿತ್ತು. ಅವರು ಒಂದು ಗುದ್ದಲಿ ಕೆಸರು ಎತ್ತಿ ಕಂಡಿಗೆ ಹಾಕಿ ಹಿಮ್ಮಡಿಯಿಂದ ತುಳಿದರು. ಮತ್ತೊಂದು ಗುದ್ದಲಿ ಹಾಕಿ ಮತ್ತೆ ತುಳಿದರು. ಮೇಲಿನಿಂದ ಬರುವ ನೀರು ಒಂದು ಹನಿಯೂ ಹೆಚ್ಚಲಿಲ್ಲ, ಆದರೆ ಪೈರಿನ ಬುಡದಲ್ಲಿ ಮಟ್ಟ ಏರತೊಡಗಿತು. ಮೂಳೆಯ ಬಗ್ಗೆ ನಾನು ಈಗ ಹೇಳಹೊರಟಿರುವುದಕ್ಕೆ ಈ ಕಂಡಿಗಿಂತ ಒಳ್ಳೆಯ ಉಪಮೆ ನನಗೆ ಬೇರೆ ಸಿಕ್ಕಿಲ್ಲ.

ಕಂಬಂ ಕಣಿವೆಯಲ್ಲಿ ಮನೆಯೊಳಗೆ ಕನ್ನಡ ಆಡುವ ಒಕ್ಕಲು ಜನ ತಲೆತಲಾಂತರದಿಂದ ಇದ್ದಾರೆ. ಕಪ್ಪಿಲಿಯರು ಎಂದು ಅವರನ್ನು ಕರೆಯುತ್ತಾರೆ. ತುಂಗಭದ್ರೆಯ ಕಡೆಯಿಂದ ಓಡಿ ಬರುವಾಗ ಹೊಂಗೆ ಮರ ಬಾಗಿ ಹೊಳೆ ದಾಟಿಸಿತು ಎಂಬ ಕಥೆ ಅವರಲ್ಲಿದೆ, ಹಾಗಾಗಿ ಅವರಿಗೆ ಹೊಂಗೆ ಪೂಜ್ಯ. ಕಂಬಂನಲ್ಲಿ ಅವರದೊಂದು ದೇವರ ಆವಿನ ಮಂದೆಯಿದೆ, ತಮಿಳಿನಲ್ಲಿ ತಂಬಿರಾನ್ ಮಾಡು. ಆ ಹಸುಗಳ ಹಾಲು ಕರೆಯುವುದಿಲ್ಲ, ಸತ್ತರೆ ಚರ್ಮ ಸುಲಿಯದೆ ಹೂಳುತ್ತಾರೆ, ಕಬ್ಬನ್ನು ಮೊದಲು ಬಾಯಿಗೆ ತೆಗೆದುಕೊಂಡ ಹೋರಿಗೆ ಪಟ್ಟ ಕಟ್ಟುತ್ತಾರೆ ಎಂದು 1906ರ ಮದುರೆ ಗೆಜೆಟಿಯರ್‌ನಲ್ಲಿ ಡಬ್ಲ್ಯು. ಫ್ರಾನ್ಸಿಸ್ ಬರೆದಿಟ್ಟಿದ್ದಾರೆ. ನೂರಾರು ವರ್ಷ ತಮಿಳಿನ ನಡುವೆ ಬಾಳಿದ ಆ ಕನ್ನಡ ನಮ್ಮ ಪುಸ್ತಕದ ಕನ್ನಡವಲ್ಲ. ಆದರೂ ಜಗಲಿಯ ಮೇಲೆ ಕೂತು ನಿಧಾನವಾಗಿ ಆಡಿದರೆ ಎರಡೂ ಕಡೆಯವರಿಗೆ ಅರ್ಥವಾಗುತ್ತದೆ.

ಹಾಗೆ ಒಂದು ಜಗಲಿಯ ಮೇಲೆ ಅಜ್ಜಿಯೊಬ್ಬರು ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಮೊಣಕೈಯಿಂದ ಬೆರಳ ಬುಡದ ತನಕ ಬಿಳಿ ಮಾವುಕಟ್ಟು, ಅಂದರೆ ಪ್ಲಾಸ್ಟರ್. ಬಟ್ಟೆ ಒಗೆಯುವ ಕಲ್ಲಿನ ಬಳಿ ಪಾಚಿಯಲ್ಲಿ ಕಾಲು ಜಾರಿತಂತೆ, ಬೀಳುವಾಗ ಕೈ ಊರಿದರಂತೆ. ಮುಟ್ಟು ನಿಂತು ವರ್ಷಗಳಾದ ಹೆಂಗಸರಲ್ಲಿ ಮಣಿಕಟ್ಟು ಮುರಿಯುವುದು ಹೆಚ್ಚಾಗಿ ಹೀಗೆಯೇ.

ಸೊಸೆ ಬೇಲಿಯಿಂದ ಮಂಗರವಳ್ಳಿ ಕಿತ್ತು ತಂದಿದ್ದರು. ಇಲ್ಲಿ ಅದನ್ನು ಪಿರಂಡೈ ಎನ್ನುತ್ತಾರೆ. ಸುಲಭಕ್ಕೆ ಸಾಯದ ಬಳ್ಳಿ. ತುಂಡು ಮಾಡಿ ಎಸೆದರೂ ಬಿದ್ದಲ್ಲಿ ಬೇರು ಬಿಡುತ್ತದೆ. ಕಾಂಡ ದುಂಡಗಿರದೆ ನಾಲ್ಕು ಮೂಲೆಯಾಗಿ, ಗೆಣ್ಣು ಗೆಣ್ಣಾಗಿ ಇರುತ್ತದೆ. ಅವರು ಅಂಗೈಗೆ ಎಳ್ಳೆಣ್ಣೆ ಸವರಿಕೊಂಡರು. ಬಳ್ಳಿಯ ರಸದಲ್ಲಿರುವ ಆಕ್ಸಲೇಟ್ ಸೂಜಿಗಳು ಚರ್ಮಕ್ಕೆ ಚುಚ್ಚಿ ತುರಿಸುತ್ತವೆ, ಎಣ್ಣೆಯಿದ್ದರೆ ಅಷ್ಟಾಗಿ ಹತ್ತುವುದಿಲ್ಲ. ಗೆಣ್ಣುಗಳನ್ನು ಮುರಿದು ಎಸೆದು, ನಾಲ್ಕು ಅಂಚಿನ ನಾರನ್ನು ಉಗುರಿನಿಂದ ಎಳೆದು ತೆಗೆದರು. ಎಳೆಯ ತುಂಡುಗಳನ್ನು ಎಳ್ಳೆಣ್ಣೆಯಲ್ಲಿ ಹಸಿರು ಹೋಗಿ ಕಂದಾಗುವ ತನಕ ಹುರಿದರು. ಉದ್ದಿನ ಬೇಳೆ, ಒಣಮೆಣಸಿನಕಾಯಿ, ಹುಣಸೆಹಣ್ಣು, ಉಪ್ಪು ಕೂಡಿಸಿ ರುಬ್ಬಿದರು. ಹುರಿಯುವುದು ಒಂಚೂರು ಕಡಿಮೆಯಾದರೆ ನಾಲಿಗೆ, ಗಂಟಲು ಎರಡೂ ಕೆರೆಯುತ್ತವೆ.

"ಅಜ್ಜಿ, ಇದು ತಿಂದರೆ ಎಲುಬು ಕೂಡುತ್ತಾ?" ಎಂದೆ.

"ಕೂಡೋದು ತಾನಾಗೇ ಕೂಡ್ತದಪ್ಪಾ. ಇದು ಅದಕ್ಕೆ ಕೈ ಕೊಡ್ತದೆ," ಎಂದರು.

ತಾನಾಗೇ ಕೂಡುತ್ತದೆ ಎಂಬ ಮಾತು ಎಷ್ಟು ಸರಿ ಎಂದು ಆ ಕಟ್ಟಿನ ಒಳಗೆ ಇಣುಕಿದರೆ ಗೊತ್ತಾಗುತ್ತದೆ. ಮೂಳೆ ಮುರಿದ ಕೂಡಲೇ ಅಲ್ಲಿ ರಕ್ತ ಸುರಿದು ಹೆಪ್ಪುಗಟ್ಟುತ್ತದೆ. ಆ ಹೆಪ್ಪಿಗೆ ಮೊದಲು ಬರುವುದು ಹಾಳುಮೂಳು ತಿಂದು ಶುಚಿ ಮಾಡುವ ಕೋಶಗಳು. ಅವುಗಳ ಹಿಂದೆಯೇ ಮೂಳೆಯ ಹೊರಪೊರೆಯಿಂದ, ಒಳಗಿನ ಮಜ್ಜೆಯಿಂದ ಆಕರಕೋಶಗಳು ಬರುತ್ತವೆ. ಅವು ಇನ್ನೂ ಏನೂ ಆಗಿರದ ಕೋಶಗಳು. ಅವುಗಳಿಂದ ಮೂಳೆಯೂ ಆಗಬಹುದು, ಮೃದ್ವಸ್ಥಿಯೂ ಆಗಬಹುದು, ಕೊಬ್ಬೂ ಆಗಬಹುದು. ಎರಡು ಮೂರು ವಾರಗಳಲ್ಲಿ ಮುರಿದ ತುದಿಗಳ ಸುತ್ತ ಮೆದುವಾದ ಒಂದು ಗಂಟು ಕಟ್ಟಿಕೊಳ್ಳುತ್ತದೆ. ಮುಂದಿನ ವಾರಗಳಲ್ಲಿ ಅದರೊಳಗೆ ಸುಣ್ಣದ ಲವಣ ಸೇರಿ ಗಟ್ಟಿಯಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಡಿದು ತಿದ್ದುವ ಕೆಲಸ ನಡೆದು ಮೂಳೆ ಹಳೆಯ ಆಕಾರಕ್ಕೆ ಬರುತ್ತದೆ. ಚರ್ಮ ಹರಿದರೆ ಕಲೆ ಉಳಿಯುತ್ತದೆ. ಮೂಳೆ ಹಾಗಲ್ಲ, ಮತ್ತೆ ಮೂಳೆಯೇ ಆಗುತ್ತದೆ. ನಮ್ಮ ಮೈಯಲ್ಲಿ ಇದರಷ್ಟು ಚೆನ್ನಾಗಿ ತನ್ನನ್ನು ತಾನೇ ಕಟ್ಟಿಕೊಳ್ಳುವ ಅಂಗ ಕಡಿಮೆ.

ಏನೂ ಆಗಿರದ ಆ ಕೋಶ ಮೂಳೆಯ ಕಡೆ ಹೊರಳುವಂತೆ ಮಾಡುವ ಮುಖ್ಯ ಪ್ರೋಟೀನಿನ ಹೆಸರು ರಂಕ್ಸ್-2. ಅದು ಕೋಶದ ನಡುಬೀಜಕ್ಕೆ ಹೋಗಿ ಮೂಳೆ ಕಟ್ಟಲು ಬೇಕಾದ ಜೀನುಗಳನ್ನು ಎಬ್ಬಿಸುತ್ತದೆ. ಇದರ ಪಾತ್ರ ಎಷ್ಟು ದೊಡ್ಡದು ಎಂಬುದು ತಿಳಿದದ್ದು 1997ರಲ್ಲಿ. ಇದರ ಜೀನು ಪೂರ್ತಿ ಇಲ್ಲದ ಇಲಿಮರಿಗಳು ಹುಟ್ಟಿದ ತುಸು ಹೊತ್ತಿಗೇ ಉಸಿರಾಡಲಾಗದೆ ಸತ್ತವು. ನೋಡಿದರೆ ಅವುಗಳ ಅಸ್ಥಿಪಂಜರವೆಲ್ಲ ಮೃದ್ವಸ್ಥಿ, ಗಟ್ಟಿ ಮೂಳೆಯೇ ಇರಲಿಲ್ಲ. ಮನುಷ್ಯರಲ್ಲಿ ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಕೊರಳೆಲುಬು ಸಣ್ಣದಾಗಿರುತ್ತದೆ ಅಥವಾ ಇರುವುದೇ ಇಲ್ಲ. ಅಂಥವರು ಎರಡು ಭುಜಗಳನ್ನೂ ಎದೆಯ ಮುಂದೆ ತಂದು ಕೂಡಿಸಬಲ್ಲರು. ಹಾಲುಹಲ್ಲು ಬಿದ್ದ ಮೇಲೆ ಹೊಸ ಹಲ್ಲು ಬರುವುದೂ ತಡ. ಕೆಡುವುದು ಒಂದೇ ಪ್ರತಿ, ಅಂದರೆ ಅರ್ಧ ಪ್ರಮಾಣ ತಪ್ಪಿದರೆ ಇಷ್ಟು. ರಂಕ್ಸ್-2 ಇದೆಯೋ ಇಲ್ಲವೋ ಎಂಬುದಷ್ಟೇ ಅಲ್ಲ, ಎಷ್ಟಿದೆ ಎಂಬುದರ ಮೇಲೂ ಮೂಳೆ ನಿಂತಿದೆ.

ಎಷ್ಟಿದೆ ಎಂಬುದನ್ನು ತೀರ್ಮಾನಿಸುವವರು ಯಾರು? ಬಹಳ ಕಾಲ ವಿಜ್ಞಾನಿಗಳ ಗಮನವೆಲ್ಲ ತಯಾರಿಕೆಯ ಕಡೆಗಿತ್ತು. ಪ್ರೋಟೀನು ಒಡೆದುಹೋಗುವುದನ್ನು ಕಸ ಗುಡಿಸಿದಂತೆ ಸಣ್ಣ ಕೆಲಸವೆಂದು ಎಣಿಸಿದ್ದರು. ಅದು ಸಣ್ಣದಲ್ಲವೆಂದು ತೋರಿಸಿದವರು ಹೈಫಾದ ಆರನ್ ಸಿಚಾನೋವರ್ ಮತ್ತು ಅವ್ರಾಮ್ ಹರ್ಷ್ಕೊ, ಫಿಲಡೆಲ್ಫಿಯಾದ ಇರ್ವಿನ್ ರೋಸ್. 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಈ ಮೂವರಿಗೆ ಸಂದಿತು. ಕೋಶದಲ್ಲಿ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನಿದೆ, 76 ಅಮೈನೋ ಆಮ್ಲಗಳದು. ಒಡೆಯಬೇಕಾದ ಪ್ರೋಟೀನಿನ ಮೈಗೆ ಇದು ಒಂದರ ತುದಿಗೊಂದು ಅಂಟಿಕೊಂಡು ಸರವಾಗುತ್ತದೆ. ಸರ ಬಿದ್ದ ಪ್ರೋಟೀನನ್ನು ಪ್ರೋಟಿಯಾಸೋಮ್ ಎಂಬ ಕೊಳವೆಯಾಕಾರದ ಯಂತ್ರ ಬಿಡಿಸಿ, ಎಳೆಯಾಗಿ ಒಳಗೆಳೆದುಕೊಂಡು ತುಂಡು ತುಂಡು ಮಾಡುತ್ತದೆ. ಯುಬಿಕ್ವಿಟಿನ್ ಮಾತ್ರ ಕಳಚಿಕೊಂಡು ಮರಳಿ ಕೆಲಸಕ್ಕೆ ಬರುತ್ತದೆ. ಯಾವ ಪ್ರೋಟೀನಿಗೆ ಸರ ಹಾಕಬೇಕು ಎಂದು ಗುರುತಿಸುವ ಕಿಣ್ವಗಳೇ ನಮ್ಮಲ್ಲಿ ಆರುನೂರಕ್ಕೂ ಹೆಚ್ಚು. ಇಷ್ಟೊಂದು ಜತನದಿಂದ ಆರಿಸಿ ಒಡೆಯುವುದನ್ನು ಕಸ ಗುಡಿಸುವುದೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಆಕರಕೋಶದಲ್ಲಿ ರಂಕ್ಸ್-2 ತಯಾರಾಗುತ್ತಲೇ ಇರುತ್ತದೆ, ಒಡೆಯುತ್ತಲೂ ಇರುತ್ತದೆ. ಮೇಲಿನ ಗದ್ದೆಯಿಂದ ಬರುವ ನೀರು, ಕೆಳಗಿನ ಕಂಡಿಯಿಂದ ಹೋಗುವ ನೀರು. ಬರುವ ನೀರು ಹೆಚ್ಚದೆ ಮಟ್ಟ ಏರಬೇಕಾದರೆ ಕಂಡಿಗೆ ಕೆಸರು ಬೀಳಬೇಕು. ರಂಕ್ಸ್-2ಕ್ಕೆ ಸರ ಹಾಕಿ ಒಡೆಯಲು ಕಳಿಸುವ ಒಂದು ಕಿಣ್ವ ಸ್ಮರ್ಫ್-1 ಎಂದು 2003ರಲ್ಲಿ ಪ್ರಕಟವಾಯಿತು. ಹಾಗಾದರೆ ಸ್ಮರ್ಫ್-1 ಇಲ್ಲದ ಇಲಿಯನ್ನು ಹುಟ್ಟಿಸಿ ನೋಡೋಣ ಎಂದು ಇನ್ನೊಂದು ತಂಡ ಹೊರಟಿತು. 2005ರಲ್ಲಿ ಬಂದ ಫಲಿತಾಂಶ: ಆ ಇಲಿಗಳಿಗೆ ವಯಸ್ಸಾದಂತೆ ಮೂಳೆ ಸವೆಯುವ ಬದಲು ಹೆಚ್ಚುತ್ತಾ ಹೋಯಿತು. ಆದರೆ ಅಲ್ಲಿ ಒಡೆಯದೆ ಕೂಡಿಕೊಂಡದ್ದು ಎದ್ದು ಕಾಣುವಂತೆ ಎಂಇಕೆಕೆ-2 ಎಂಬ ಬೇರೊಂದು ಪ್ರೋಟೀನು. ಒಂದೇ ಬದುವಿಗೆ ಒಂದೇ ಕಂಡಿ ಇರಬೇಕೆಂದಿಲ್ಲವಲ್ಲ. ಮರುವರ್ಷ ಹಾರ್ವರ್ಡ್‌ನ ಲಾರಿ ಗ್ಲಿಮ್ಚರ್ ಅವರ ತಂಡ ಶ್ನುರಿ-3 ಎಂಬ ಪ್ರೋಟೀನನ್ನು ತೆಗೆದ ಇಲಿಗಳನ್ನು ತೋರಿಸಿತು. ರಂಕ್ಸ್-2ರ ಬಳಿಗೆ ಸರ ಹಾಕುವ ಕಿಣ್ವವನ್ನು ಕರೆತರುವುದು ಶ್ನುರಿ-3ರ ಕೆಲಸ. ಅದು ಇಲ್ಲದ ಇಲಿಗಳು ಬೆಳೆದಂತೆ ಮೂಳೆಯೊಳಗಿನ ಪೊಳ್ಳುಗಳನ್ನೆಲ್ಲ ಮೂಳೆಯೇ ತುಂಬಿಕೊಂಡು ಬಂದಿತು.

ಇಲ್ಲಿಂದ ಮುಂದಿನ ಹೆಜ್ಜೆ ಇಟ್ಟದ್ದು ಕ್ಯಾನ್ಸರ್ ಔಷಧವೊಂದು. ಬೋರ್ಟೆಜೊಮಿಬ್ ಎಂಬ ಆ ಔಷಧ ಪ್ರೋಟಿಯಾಸೋಮನ್ನೇ ತಡೆಯುತ್ತದೆ. ಮಜ್ಜೆಯ ಕ್ಯಾನ್ಸರ್ ಆದ ಮಲ್ಟಿಪಲ್ ಮೈಲೋಮಾಕ್ಕೆ ಅದನ್ನು 2003ರಲ್ಲಿ ಅಮೆರಿಕದಲ್ಲಿ ಮಂಜೂರು ಮಾಡಿದರು. ಈಗ ನಮ್ಮ ಊರುಗಳ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ಅದರ ಇಂಜೆಕ್ಷನ್ ಕೊಡುತ್ತಾರೆ. ಮೈಲೋಮಾ ಮೂಳೆಯನ್ನು ತೂತು ತೂತಾಗಿ ತಿನ್ನುವ ಕಾಯಿಲೆ. ಔಷಧಕ್ಕೆ ಸ್ಪಂದಿಸಿದ ರೋಗಿಗಳ ರಕ್ತದಲ್ಲಿ ಮೂಳೆ ಕಟ್ಟುವ ಕೋಶಗಳು ಬಿಡುವ ಕಿಣ್ವ ಏರಿದ್ದು ವೈದ್ಯರ ಕಣ್ಣಿಗೆ ಬಿತ್ತು. ಕ್ಯಾನ್ಸರ್ ಹಿಂಜರಿದದ್ದಕ್ಕೆ ಹೀಗಾಯಿತೇ, ಇಲ್ಲ ಔಷಧವೇ ಮೂಳೆಗೆ ಬಲ ಕೊಟ್ಟಿತೇ? ಸಿದ್ಧಾರ್ಥ ಮುಖರ್ಜಿ, ಡೇವಿಡ್ ಸ್ಕ್ಯಾಡನ್ ಮತ್ತವರ ಸಂಗಡಿಗರು 2008ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಕ್ಯಾನ್ಸರಿನ ಕುರಿತ ಹೆಸರಾಂತ ಪುಸ್ತಕ ಬರೆದ ಮುಖರ್ಜಿ ಅವರೇ ಇವರು. ಕಡಿಮೆ ಪ್ರಮಾಣದ ಬೋರ್ಟೆಜೊಮಿಬ್ ಕೊಟ್ಟಾಗ ಇಲಿಯ ಆಕರಕೋಶಗಳು ಮೂಳೆಯ ಕಡೆಗೇ ಹೊರಳಿದವು, ಅದಕ್ಕೆ ಒಂದು ಕಾರಣ ರಂಕ್ಸ್-2. ಮೂಳೆ ಸವೆದ ಇಲಿಗಳಲ್ಲಿ ಹೋದ ಮೂಳೆ ಮರಳಿ ಬಂತು.

ಈ ಪ್ರಯೋಗದ ಬಗ್ಗೆ ಓದಿದಾಗ ನನಗೆ ಹಿಡಿಸಿದ್ದು ಅದರ ದಿಕ್ಕು. ಮೂಳೆ ಸವೆದವರಿಗೆ ನಾವು ಕ್ಯಾಲ್ಸಿಯಂ ತೆಗೆದುಕೊಳ್ಳಿ, ಹಾಲು ಕುಡಿಯಿರಿ, ಬಿಸಿಲಿಗೆ ನಿಲ್ಲಿ ಎನ್ನುತ್ತೇವೆ. ಎಲ್ಲವೂ ಹೊರಗಿನಿಂದ ತರುವ ಮಾತು, ಎಲ್ಲವೂ ಬೇಕು. ಆದರೆ ತಂದದ್ದನ್ನು ಜೋಡಿಸಬೇಕಾದ ಕೋಶವೇ ಮೂಳೆಯಾಗದೆ ಕೊಬ್ಬಾಗಿ ಕೂತರೆ? ವಯಸ್ಸಾದಂತೆ ಮಜ್ಜೆಯಲ್ಲಿ ಆಗುವುದು ಅದೇ. ಅಜ್ಜಿಯ ಮಣಿಕಟ್ಟಿನೊಳಗೆ ಹರೆಯದಲ್ಲಿ ಇದ್ದುದಕ್ಕಿಂತ ಈಗ ಕೊಬ್ಬು ಹೆಚ್ಚು, ಮೂಳೆಯ ಎಳೆ ತೆಳು. ಅಲ್ಲಿರುವ ಕೋಶಗಳಿಗೆ ತಮ್ಮದೇ ಪ್ರೋಟೀನನ್ನು ಒಂದಿಷ್ಟು ದಿನ ಒಡೆಯದೆ ಇರಿ ಎಂದು ಹೇಳುವುದು ಬೇರೆಯೇ ಬಗೆಯ ಚಿಕಿತ್ಸೆ.

ಹಾಗೆಂದು ಕಂಡಿಯನ್ನು ಮುಚ್ಚಿಯೇ ಇಟ್ಟರೆ ಪೈರು ಕೊಳೆಯುತ್ತದೆ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಈ ವಿಷಯ ಮಾತಾಡುವವರೆಲ್ಲ ನೆನಪಿಡಬೇಕು. ಮೂಳೆ ಕಟ್ಟುವ ಕೋಶಗಳಲ್ಲಿ ರಂಕ್ಸ್-2 ಬೇಕಾದ್ದಕ್ಕಿಂತ ಹೆಚ್ಚು ಇರುವಂಥ ಇಲಿಗಳನ್ನು ಜಪಾನಿನ ಸಂಶೋಧಕರು ಹುಟ್ಟಿಸಿದರು. ಉಕ್ಕಿನಂಥ ಮೂಳೆ ಬಂದೀತು ಎಂದು ಯಾರಾದರೂ ಎಣಿಸುತ್ತಾರೆ. ಬಂದದ್ದು ತೆಳುವಾದ, ಕೈಕಾಲು ಎಲ್ಲೆಂದರಲ್ಲಿ ಮುರಿಯುವ ಮೂಳೆ. ಕೋಶಗಳು ಮೂಳೆಯ ದಾರಿ ಹಿಡಿದವು, ಆದರೆ ಬಲಿಯಲಿಲ್ಲ. ಆಕರಕೋಶವನ್ನು ಮೂಳೆಯ ಕಡೆ ಹೊರಳಿಸಲು ರಂಕ್ಸ್-2 ಏರಬೇಕು, ಹೊರಳಿದ ಕೋಶ ಪಕ್ವವಾಗಲು ಅದೇ ರಂಕ್ಸ್-2 ಇಳಿಯಬೇಕು. ಇಳಿಸುವುದೂ ಒಡೆಯುವಿಕೆಯ ಕೆಲಸವೇ. ಕೋಶಕ್ಕೆ ಒಡೆಯುವ ಇನ್ನೊಂದು ದಾರಿಯೂ ಇದೆ, ತನ್ನ ಹಳೆಯ ಭಾಗಗಳನ್ನು ಚೀಲದಲ್ಲಿ ಸುತ್ತಿ ಜೀರ್ಣಿಸಿಕೊಳ್ಳುವ ಆಟೋಫಜಿ, ಅಂದರೆ ಸ್ವಭಕ್ಷಣೆ. ಮುದಿ ಇಲಿಗಳ ಮಜ್ಜೆಯ ಆಕರಕೋಶಗಳಲ್ಲಿ ಇದು ಕುಗ್ಗಿರುತ್ತದೆ. ಎಳೆಯ ಕೋಶಗಳಲ್ಲೂ ಇದನ್ನು ತಡೆದರೆ ಅವು ಕೊಬ್ಬಿನ ಕಡೆ ವಾಲುತ್ತವೆ. ಒಂದು ಕಡೆ ಒಡೆಯುವುದನ್ನು ತಡೆದರೆ ಮೂಳೆ ಬರುತ್ತದೆ, ಇನ್ನೊಂದು ಕಡೆ ತಡೆದರೆ ಕೊಬ್ಬು ಬರುತ್ತದೆ. ಏನನ್ನು ಒಡೆಯಬೇಕು, ಯಾವಾಗ ಒಡೆಯಬೇಕು ಎಂಬುದೇ ಎಲ್ಲ.

ಬೋರ್ಟೆಜೊಮಿಬ್‌ನ ತೊಡಕೂ ಇಲ್ಲಿಯೇ ಇದೆ. ಅದು ಮಣಿಕಟ್ಟಿನ ಕೋಶವೆಂದೂ ನರದ ಕೋಶವೆಂದೂ ನೋಡುವುದಿಲ್ಲ. ಅದನ್ನು ಪಡೆವ ಮೈಲೋಮಾ ರೋಗಿಗಳಿಗೆ ಅಂಗಾಲು ಉರಿ, ಬೆರಳ ತುದಿ ಜೋಮು, ರಕ್ತದ ಪ್ಲೇಟ್‌ಲೆಟ್ ಇಳಿಯುವುದು ಇವೆಲ್ಲ ಸಾಮಾನ್ಯ. ಪ್ರಾಣ ಉಳಿಸಲು ಅದನ್ನು ಸಹಿಸಬಹುದು, ಜಾರಿ ಬಿದ್ದು ಮುರಿದ ಕೈಗೆ ಸಹಿಸಿ ಎನ್ನಲಾಗದು. ಅದಕ್ಕೇ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರು ಅದನ್ನು ಬಿಸ್ಫಾಸ್ಫೊನೇಟ್‌ಗೆ ಬೆಸೆದಿದ್ದಾರೆ. ಬಿಸ್ಫಾಸ್ಫೊನೇಟ್ ಎಲ್ಲಿ ಹೋದರೂ ಮೂಳೆಗೆ ಅಂಟಿಕೊಳ್ಳುವ ಜಾತಿಯದು. ಔಷಧವನ್ನು ಅದು ಮೂಳೆಯ ಬಳಿಯೇ ಇಳಿಸುತ್ತದೆ. ಈ ಕೆಲಸ ಇನ್ನೂ ಇಲಿಗಳ ಹಂತದಲ್ಲಿದೆ.

ರುಬ್ಬಿಟ್ಟ ಮಂಗರವಳ್ಳಿ ಚಟ್ನಿಯ ಸಂಗತಿಗೆ ಬರುತ್ತೇನೆ, ಅದಕ್ಕೊಂದು ಕನ್ನಡದ ಹಿನ್ನೆಲೆಯಿದೆ. ಸಂಸ್ಕೃತದಲ್ಲಿ ಈ ಬಳ್ಳಿಯನ್ನು ಅಸ್ಥಿಶೃಂಖಲಾ ಎಂದರೆ ಹಿಂದಿಯಲ್ಲಿ ಹಡಜೋಡ್ ಎನ್ನುತ್ತಾರೆ. ಮುರಿದ ಮೂಳೆಗೆ ಇದನ್ನು ಕೊಡುವುದು ದೇಶದುದ್ದಕ್ಕೂ ಇರುವ ವಾಡಿಕೆ. ವಾಡಿಕೆಯನ್ನು ಪ್ರಯೋಗಾಲಯಕ್ಕೆ ತಂದವರು ಉಡುಪಿ ಸೀಮೆಯ ಡಾ. ಕೆ. ಎನ್. ಉಡುಪ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಶಸ್ತ್ರವೈದ್ಯರಾಗಿದ್ದವರು. ಆಯುರ್ವೇದದ ಸ್ಥಿತಿಗತಿ ಅರಿಯಲು ಕೇಂದ್ರ ಸರ್ಕಾರ 1958ರಲ್ಲಿ ನೇಮಿಸಿದ ಸಮಿತಿಯ ಅಧ್ಯಕ್ಷರೂ ಅವರೇ. 1960ರ ದಶಕದಲ್ಲಿ ಅವರು ಜಿ. ಸಿ. ಪ್ರಸಾದ್ ಅವರೊಂದಿಗೆ ಪ್ರಾಣಿಗಳ ಮುರಿದ ಮೂಳೆಗೆ ಮಂಗರವಳ್ಳಿಯ ಸಾರ ಕೊಟ್ಟು, ಮೂಳೆ ಬೇಗ ಕೂಡುವುದನ್ನು ದಾಖಲಿಸಿದರು. ಶಸ್ತ್ರವೈದ್ಯರೊಬ್ಬರು ಬೇಲಿಯ ಬಳ್ಳಿಯನ್ನು ತಿರಸ್ಕರಿಸದೆ, ಕಣ್ಣುಮುಚ್ಚಿ ನಂಬದೆ, ತೂಗಿ ಅಳೆದು ನೋಡಿದ ಆ ಕೆಲಸದ ಬಗ್ಗೆ ನನಗೆ ಅಪಾರ ಗೌರವ.

ಮುಂದಿನ ಅಧ್ಯಾಯ ಮಣಿಪಾಲದ್ದು. 2009ರಲ್ಲಿ ಅಲ್ಲಿನ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ತಂಡ ಇಲಿಯ ಮಜ್ಜೆಯಿಂದ ಆಕರಕೋಶಗಳನ್ನು ತೆಗೆದು ತಟ್ಟೆಯಲ್ಲಿ ಬೆಳೆಸಿ, ಮಂಗರವಳ್ಳಿಯ ಪೆಟ್ರೋಲಿಯಂ ಈಥರ್ ಸಾರ ಸೇರಿಸಿತು. ಕೋಶಗಳು ಹೆಚ್ಚು ವೃದ್ಧಿಯಾದವು, ಮೂಳೆ ಕಟ್ಟುವ ಕೋಶಗಳಾಗಿ ಹೆಚ್ಚು ಹೊರಳಿದವು. ಅಂಡಾಶಯ ತೆಗೆದ ಹೆಣ್ಣು ಇಲಿಗಳಿಗೆ, ಅಂದರೆ ಮುಟ್ಟು ನಿಂತ ಹೆಂಗಸರಂತೆ ಮೂಳೆ ಸವೆಯುವ ಇಲಿಗಳಿಗೆ, ಅದೇ ಸಾರ ಕೊಟ್ಟಾಗಲೂ ಗುಣ ಕಂಡಿತು. ಬಳಿಕ ಮದರಾಸು ವಿಶ್ವವಿದ್ಯಾಲಯದವರು ಮನುಷ್ಯರ ಮೂಳೆಕೋಶಗಳನ್ನು ಹೋಲುವ ಕೋಶಗಳ ಮೇಲೆ ಸಾರ ಹಾಕಿ ನೋಡಿದಾಗ ರಂಕ್ಸ್-2ರ ಚಟುವಟಿಕೆ ಏರಿತು.

ಇಲ್ಲಿಗೆ ಒಡೆಯುವಿಕೆಯ ವಿಜ್ಞಾನ, ಬೇಲಿಯ ಬಳ್ಳಿ ಎಂಬ ಎರಡು ದಾರಿಗಳು ಒಂದೇ ಪ್ರೋಟೀನಿನ ಬಳಿ ಬಂದು ನಿಂತವು. ತಟ್ಟೆಯ ಕೋಶಗಳ ಮೇಲೆ ಸುರಿದ ಈಥರ್ ಸಾರವೂ ಎಣ್ಣೆಯಲ್ಲಿ ಹುರಿದು ರುಬ್ಬಿದ ಚಟ್ನಿಯೂ ಒಂದೇ ಅಲ್ಲ, ಇಲಿಯೂ ಅಜ್ಜಿಯೂ ಒಂದೇ ಅಲ್ಲ. ಆದ್ದರಿಂದ ಕೈ ಮುರಿದವರು ಮಾವುಕಟ್ಟು ಬಿಟ್ಟು ಚಟ್ನಿ ನೆಚ್ಚಿಕೊಳ್ಳಿ ಎಂದು ನಾನು ಯಾರಿಗೂ ಹೇಳಲಾರೆ. ಹೇಳಬೇಕಾದದ್ದು ಪ್ರಯೋಗಾಲಯಗಳಿಗೆ. ಮಂಗರವಳ್ಳಿಯಿಂದ ರಂಕ್ಸ್-2ರ ಚಟುವಟಿಕೆ ಏರಿದ್ದು ಅದು ಹೆಚ್ಚು ತಯಾರಾದದ್ದಕ್ಕೋ, ಒಡೆಯುವುದು ತಗ್ಗಿದ್ದಕ್ಕೋ? ಅಂದರೆ ಮೇಲಿನಿಂದ ನೀರು ಹೆಚ್ಚು ಬಂತೋ, ಕೆಳಗಿನ ಕಂಡಿ ಮುಚ್ಚಿತೋ? ಇದನ್ನು ಕಂಡುಹಿಡಿಯುವ ವಿಧಾನ ಹಳೆಯದು, ದುಬಾರಿಯೂ ಅಲ್ಲ. ಕೋಶದಲ್ಲಿ ಹೊಸ ಪ್ರೋಟೀನಿನ ತಯಾರಿಕೆಯನ್ನು ಸೈಕ್ಲೊಹೆಕ್ಸಮೈಡ್ ಹಾಕಿ ನಿಲ್ಲಿಸಿ, ಇದ್ದ ರಂಕ್ಸ್-2 ಎಷ್ಟು ಹೊತ್ತು ಉಳಿಯುತ್ತದೆ ಎಂದು ಗಂಟೆ ಗಂಟೆಗೆ ಅಳೆಯುತ್ತಾ ಹೋದರೆ ಆಯಿತು. ಸಾರ ಹಾಕಿದ ತಟ್ಟೆಯಲ್ಲಿ ಅದು ಹೆಚ್ಚು ಹೊತ್ತು ನಿಂತರೆ ಬಳ್ಳಿ ಕಂಡಿಗೆ ಕೈ ಹಾಕಿದೆ ಎಂದು ಅರ್ಥ. ಮಣಿಪಾಲದಲ್ಲಿ ಕೋಶ ಬೆಳೆಸುವ ಕೈಗಳಿವೆ, ಬೆಂಗಳೂರಿನ ಆಕರಕೋಶ ಸಂಸ್ಥೆ ಇನ್‌ಸ್ಟೆಮ್ ಇದೆ, ಅದರದೇ ಘಟಕವಾದ ವೆಲ್ಲೂರಿನ ಆಕರಕೋಶ ಸಂಶೋಧನಾ ಕೇಂದ್ರ ಮಾರ್ಕಯನ್‌ಕೋಟ್ಟೈ ಇರುವ ತಮಿಳುನಾಡಿನಲ್ಲೇ ಇದೆ. ಬಳ್ಳಿಯಂತೂ ಬೇಲಿ ಬೇಲಿಯಲ್ಲೂ ಇದೆ.